ಮೂಲಸಂಕೇತಗಳ ಪ್ರತಿಯೂ ಮಿತವ್ಯಯದ ವಿವೇಕವೂ

ಪೀಠಿಕೆ

ಗ್ರಂಥವನ್ನು ಪ್ರತಿಮಾಡುವ ಕಾರ್ಯವು ನಮ್ಮ ನಾಡಿನ ವಿದ್ಯಾಪರಂಪರೆಗೆ ಹೊಸದಲ್ಲ. ಲಿಪಿಕಾರನು ಮಾತೃಕೆಯನ್ನು ಮುಂದಿರಿಸಿಕೊಂಡು, ತಾಳೆಯೋಲೆಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತೀಡಿ, ಕಟ್ಟು ಕಟ್ಟಿ ಇಡುತ್ತಿದ್ದನು. ಆತನ ಕಣ್ತಪ್ಪಿನಿಂದ ಒಂದು ಸಾಲು ಬಿಟ್ಟುಹೋದರೆ, ಹ್ರಸ್ವವು ದೀರ್ಘವಾದರೆ, ಲಕಾರವು ಳಕಾರವಾದರೆ ಆ ದೋಷವು ಮುಂದಿನ ಪ್ರತಿಗಳಿಗೆಲ್ಲ ಹರಿದುಬರುತ್ತಿತ್ತು. ಪಾಠಾಂತರಗಳನ್ನು ತೂಗಿ ನೋಡಿ ಮೂಲವನ್ನು ನಿರ್ಣಯಿಸುವ ಗ್ರಂಥಸಂಪಾದನಶಾಸ್ತ್ರವು ಬೆಳೆದುದು ಈ ಕಾರಣದಿಂದಲೇ ಎಂಬುದು ವಾಚಕರಿಗೆ ವಿದಿತವಾಗಿದೆ.

ಈ ಸಂಚಿಕೆಗೆ ಛಂದಸ್ಸಿನ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದ್ದರು. ಛಂದಸ್ಸಿನ ಹಾದಿಯಲ್ಲಿಯೇ ಹೊರಟ ನಾನು ಗಣಕಯಂತ್ರದ ಬಾಗಿಲಿಗೆ ಹೋಗಿ ಮುಟ್ಟಿದ ಬಗೆಯನ್ನೂ, ಅಲ್ಲಿ ಪ್ರತಿ ಮಾಡುವ ವಿದ್ಯೆಯನ್ನು ಹೊಸದಾಗಿ ಕಲಿಯಬೇಕಾಗಿ ಬಂದುದನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ. ಗಣಕ ವಿಭಾಗದ ವಿದ್ಯಾರ್ಥಿಗಳಿಗೆ ಇದು ಪ್ರಯೋಜನಕ್ಕೆ ಬಂದೀತೆಂದು ನನ್ನ ನಂಬಿಕೆ. ನಾನು ಆ ಶಾಸ್ತ್ರದ ಪಂಡಿತನಲ್ಲ. ಆದರೆ ಎಡವಿದವನಿಗೆ ಕಲ್ಲು ಎಲ್ಲಿದೆಯೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಸಂದರ್ಭ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಬೆಂಗಳೂರಿನಲ್ಲಿ ಗಣಕತಂತ್ರಜ್ಞನಾಗಿದ್ದಾನೆ. ಷಟ್ಪದಿಗಳ ಮಾತ್ರೆಗಳನ್ನು ಎಣಿಸಿ ಗಣವಿಭಾಗ ಮಾಡಿ ತೋರಿಸುವ ಒಂದು ಕ್ರಮವಿಧಿಯನ್ನು ರಚಿಸಬೇಕೆಂದು ಆತನಿಗೆ ಬಯಕೆ. ಭಾಮಿನಿ ಷಟ್ಪದಿಯ ೧, ೨, ೪, ೫ನೆಯ ಪಾದಗಳಲ್ಲಿ ಮೂರು-ನಾಲ್ಕರ ಗಣಗಳು ಎರಡಾವೃತ್ತಿ ಬಂದು ೧೪ ಮಾತ್ರೆಗಳಾಗುತ್ತವೆ. ೩ ಮತ್ತು ೬ನೆಯ ಪಾದಗಳಲ್ಲಿ ಅವೇ ಗಣಗಳು ಮೂರಾವೃತ್ತಿ ಬಂದು ಕೊನೆಗೊಂದು ಗುರು ಸೇರಿ ೨೩ ಮಾತ್ರೆಗಳಾಗುತ್ತವೆ. ಈ ಲೆಕ್ಕವನ್ನು ಯಂತ್ರಕ್ಕೆ ಹೇಳಿಕೊಡುವುದು ಸುಲಭ. ಶಿಥಿಲದ್ವಿತ್ವ ಬಂದಾಗ ಹಿಂದಿನ ಅಕ್ಷರವನ್ನು ಲಘುವೆಂದೇ ಎಣಿಸುವುದು ಮೊದಲಾದ ಸೂಕ್ಷ್ಮಗಳನ್ನು ಹೇಳಿಕೊಡುವುದು ಕಷ್ಟ. ಆ ನಿಯಮಗಳನ್ನೂ ಉದಾಹರಣೆಗಳನ್ನೂ ಬರೆಯುವ ಭಾಗವು ನನ್ನ ಪಾಲಿಗೆ ಬಂದಿತು; ಅವುಗಳನ್ನು ಯಂತ್ರಭಾಷೆಗೆ ಹೊಂದಿಸುವ ಭಾಗ ಆತನದು.

ಶಾಲೆ ಇರುವುದು ಘಟ್ಟದ ಮೇಲೆ. ನನ್ನ ಮನೆ ಇರುವುದು ಘಟ್ಟದ ಕೆಳಗೆ, ಹೊನ್ನಾವರ ತಾಲ್ಲೂಕಿನ ಮಂಕಿಯಲ್ಲಿ. ಶಾಲೆಯ ದಿನಗಳಲ್ಲಿ ಅಲ್ಲಿನ ಗಣಕದಲ್ಲಿಯೂ ರಜೆಯ ದಿನಗಳಲ್ಲಿ ಮಂಕಿಯ ಹಳೆಯ ಗಣಕದಲ್ಲಿಯೂ ಕೆಲಸ ಸಾಗುತ್ತಿತ್ತು. ಇಲ್ಲಿ ತಿದ್ದಿದ್ದು ಅಲ್ಲಿಗೆ ಮುಟ್ಟಬೇಕು, ಅಲ್ಲಿ ಸೇರಿಸಿದ್ದು ಇಲ್ಲಿಗೆ ಬರಬೇಕು. ಮಂಕಿಯಲ್ಲಿ ನನಗಿದ್ದ ಮಾರ್ಗವೆಂದರೆ ಕೈಯ ಮೊಬೈಲಿನ ಅಂತರ್ಜಾಲ. ಆಷಾಢದ ಮಳೆ ಹಿಡಿದರೆ ವಿದ್ಯುತ್ತು ಹೋಗುತ್ತದೆ, ಅದರ ಹಿಂದೆಯೇ ಸಂಕೇತವೂ ಕ್ಷೀಣಿಸುತ್ತದೆ. ಆದ್ದರಿಂದ ಎಷ್ಟು ಕಡಿಮೆ ಕಳುಹಿಸಿ ಕೆಲಸ ಪೂರೈಸಬಹುದು ಎಂಬ ಪ್ರಶ್ನೆ ನನಗೆ ವಿನೋದದ್ದಾಗಿರಲಿಲ್ಲ.

ಮೂಲ ಯಾವುದು, ಟೀಕು ಯಾವುದು?

ಕ್ರಮವಿಧಿಯನ್ನು ಬರೆಯುವವನು ತನ್ನ ಕೈಯಿಂದ ಬರೆದ ಪಾಠಕ್ಕೆ ಮೂಲಸಂಕೇತ ಅಥವಾ ಸೋರ್ಸ್ ಕೋಡ್ ಎಂದು ಹೆಸರು. ಇದು ಸಾಮಾನ್ಯ ಅಕ್ಷರಗಳಲ್ಲಿರುವ ಬರವಣಿಗೆ. ಅನೇಕ ಸಣ್ಣ ಸಣ್ಣ ಕಡತಗಳಾಗಿ ಹರಡಿಕೊಂಡಿರುತ್ತದೆ. ಇದನ್ನು ಯಂತ್ರವು ಓದಿ ನಡೆಸುವಾಗ ತನ್ನ ಅನುಕೂಲಕ್ಕಾಗಿ ಬೇರೆ ಕಡತಗಳನ್ನು ತಾನೇ ನಿರ್ಮಿಸಿಕೊಳ್ಳುತ್ತದೆ. ನಮ್ಮ ಕೆಲಸದಲ್ಲಿ ನಿಯಮಗಳ ಕಡತಗಳೆಲ್ಲ ಕೂಡಿದರೂ ನಾಲ್ಕೈದು ಮೆಗಾಬೈಟನ್ನು ಮೀರುತ್ತಿರಲಿಲ್ಲ. ಯಂತ್ರವು ತಯಾರಿಸಿದ ಪದಾನುಕ್ರಮಣಿಕೆಯ ಕೋಷ್ಟಕಗಳು ಅದರ ಹತ್ತಾರು ಪಟ್ಟು ಬೆಳೆದಿದ್ದವು.

ಮಿತವ್ಯಯದ ಮೊದಲನೆಯ ಪಾಠ ಇಲ್ಲಿದೆ. ಮೂಲದಿಂದ ಮರಳಿ ಹುಟ್ಟಿಸಿಕೊಳ್ಳಬಹುದಾದುದನ್ನು ಹೊತ್ತು ಸಾಗಿಸುವುದು ವ್ಯರ್ಥ. ಮಾವಿನ ಗೊರಟೆಯನ್ನು ಕಳುಹಿಸಬೇಕಾದವನು ಮರವನ್ನೇ ಬಂಡಿಗೆ ಹೇರಿದಂತೆ ನಾನು ಮೊದಲ ಕೆಲವು ವಾರ ಎಲ್ಲವನ್ನೂ ಕಳುಹಿಸುತ್ತಿದ್ದೆ. ಬೇಡವಾದ ಕಡತಗಳ ಹೆಸರನ್ನೋ ಜಾತಿಯನ್ನೋ ಸೂಚಿಸಿ ಅವುಗಳನ್ನು ಹೊರಗಿಡುವುದಕ್ಕೆ 'ಎಕ್ಸ್‌ಕ್ಲೂಡ್' ಎಂಬ ಆಯ್ಕೆಯುಂಟು. ಮುಂದೆ ಹೇಳುವ ಎಲ್ಲ ಚಾತುರ್ಯಗಳನ್ನು ಒಟ್ಟುಗೂಡಿಸಿದರೂ ಈ ಒಂದು ಆಯ್ಕೆಯಿಂದಾದಷ್ಟು ಉಳಿತಾಯ ನನಗೆ ಆಗಲಿಲ್ಲ.

ಆರ್‌ಸಿಂಕ್ ಎಂಬ ಸಾಧನ

ಎರಡು ಗಣಕಗಳಲ್ಲಿರುವ ಕಡತಗಳನ್ನು ಸಮನಾಗಿಸುವ ಸಾಧನಗಳು ಹಲವಿವೆ. ಅವುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ಆರ್‌ಸಿಂಕ್. ಇದನ್ನು ರಚಿಸಿದವರು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕರಾಸ್ ಎಂಬಿಬ್ಬರು. ೧೯೯೬ನೆಯ ಇಸವಿಯಲ್ಲಿ ಇದರ ತತ್ತ್ವವನ್ನು ವಿವರಿಸುವ ವರದಿಯನ್ನು ಪ್ರಕಟಿಸಿದರು. ನಿಧಾನವಾದ ಮಾರ್ಗದ ಎರಡು ತುದಿಗಳಲ್ಲಿ ಹೆಚ್ಚುಕಡಿಮೆ ಒಂದೇ ಆದ ಎರಡು ಕಡತಗಳಿದ್ದಾಗ, ಕೇವಲ ವ್ಯತ್ಯಾಸವನ್ನು ಮಾತ್ರ ಕಳುಹಿಸುವುದು ಹೇಗೆ ಎಂಬುದು ಅವರ ಮುಂದಿದ್ದ ಸಮಸ್ಯೆ. ಮೇಲುನೋಟಕ್ಕೆ ಇದು ಅಸಾಧ್ಯವೆಂದು ತೋರುತ್ತದೆ. ವ್ಯತ್ಯಾಸವನ್ನು ತಿಳಿಯಬೇಕಾದರೆ ಎರಡು ಪ್ರತಿಗಳನ್ನೂ ಒಂದೆಡೆ ಇಟ್ಟು ನೋಡಬೇಕು. ಒಂದೆಡೆ ತಂದುದಾದರೆ ಕಳುಹಿಸುವ ಶ್ರಮ ಉಳಿಯಲಿಲ್ಲ.

ಅವರು ಕಂಡ ಉಪಾಯ ಹೀಗಿದೆ. ಸ್ವೀಕರಿಸುವ ಗಣಕವು ತನ್ನಲ್ಲಿರುವ ಹಳೆಯ ಕಡತವನ್ನು ಸಮಾನ ಗಾತ್ರದ ಖಂಡಗಳಾಗಿ ಒಡೆಯುತ್ತದೆ. ಪ್ರತಿಯೊಂದು ಖಂಡಕ್ಕೂ ಒಂದು ತಾಳೆಸಂಖ್ಯೆಯನ್ನು ಲೆಕ್ಕಹಾಕಿ ಆ ಸಂಖ್ಯೆಗಳನ್ನು ಮಾತ್ರ ಎದುರು ತುದಿಗೆ ಕಳುಹಿಸುತ್ತದೆ. ಎದುರು ತುದಿಯ ಗಣಕವು ತನ್ನ ಹೊಸ ಕಡತದಲ್ಲಿ ಅದೇ ತಾಳೆಸಂಖ್ಯೆಯ ಖಂಡಗಳನ್ನು ಹುಡುಕುತ್ತದೆ. ಸಿಕ್ಕಿದ ಕಡೆ 'ಇದು ನಿನ್ನಲ್ಲಿರುವ ಇಂತಿಷ್ಟನೆಯ ಖಂಡ' ಎಂದು ಹೇಳಿದರೆ ಸಾಕು. ಸಿಗದ ಭಾಗವನ್ನಷ್ಟೇ ಅಕ್ಷರಶಃ ಕಳುಹಿಸುತ್ತದೆ.

ಮಧ್ಯದಲ್ಲಿ ಒಂದೇ ಒಂದು ಅಕ್ಷರ ಸೇರಿದರೂ ಮುಂದಿನ ಖಂಡಗಳ ಎಲ್ಲೆ ಸರಿದುಹೋಗುತ್ತದೆಯಲ್ಲವೇ? ಆದ್ದರಿಂದ ಹುಡುಕಾಟವು ಒಂದೊಂದು ಬೈಟಿಗೂ ನಡೆಯಬೇಕು. ಪ್ರತಿ ಹೆಜ್ಜೆಯಲ್ಲಿಯೂ ಹೊಸದಾಗಿ ಲೆಕ್ಕ ಮಾಡಹೊರಟರೆ ಕಾಲ ಸಾಲದು. ಇದಕ್ಕಾಗಿ ಅವರು ಉರುಳುವ ತಾಳೆಸಂಖ್ಯೆಯೊಂದನ್ನು ಬಳಸಿದರು. ಛಂದಸ್ಸನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಪಾದದಲ್ಲಿ ಎಂಟು ಅಕ್ಷರಗಳ ಮಾತ್ರೆಯನ್ನು ಎಣಿಸಿದ್ದೇವೆ ಎಂದುಕೊಳ್ಳಿರಿ. ಒಂದಕ್ಷರ ಮುಂದೆ ಸರಿದು ಮತ್ತೆ ಎಂಟನ್ನು ಎಣಿಸಬೇಕಾದಾಗ ಎಲ್ಲವನ್ನೂ ಕೂಡುವ ಅಗತ್ಯವಿಲ್ಲ. ಹಿಂದೆ ಬಿಟ್ಟ ಅಕ್ಷರದ ಮಾತ್ರೆಯನ್ನು ಕಳೆದು ಮುಂದೆ ಹಿಡಿದ ಅಕ್ಷರದ ಮಾತ್ರೆಯನ್ನು ಕೂಡಿದರೆ ಮೊತ್ತ ದೊರೆಯಿತು. ಆದರೆ ಮಾತ್ರೆಗಳ ಮೊತ್ತ ಒಂದೇ ಆದ ಮಾತ್ರಕ್ಕೆ ಎರಡು ಪಾದಗಳು ಒಂದೇ ಎನ್ನಲಾಗದು. ಆದುದರಿಂದ ಉರುಳುವ ಸಂಖ್ಯೆ ಕೂಡಿಬಂದ ಕಡೆಯಲ್ಲಿ ಮಾತ್ರ ಇನ್ನೊಂದು ಬಲವಾದ ತಾಳೆಸಂಖ್ಯೆಯನ್ನು ಲೆಕ್ಕಹಾಕಿ ದೃಢಪಡಿಸಿಕೊಳ್ಳುತ್ತಾರೆ.

ಈ ಉಪಾಯವನ್ನು ಅವರು ಪರೀಕ್ಷಿಸಿದುದು ಮೂಲಸಂಕೇತಗಳ ಮೇಲೆಯೇ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಎರಡು ಸಮೀಪದ ಆವೃತ್ತಿಗಳ ಮೂಲವನ್ನು ತೆಗೆದುಕೊಂಡರು. ಪ್ರತಿಯೊಂದು ಆವೃತ್ತಿಯೂ ಒಂದೇ ಕಟ್ಟಾಗಿ ಕಟ್ಟಿದಾಗ ಸುಮಾರು ೨೪ ಮೆಗಾಬೈಟು. ಹಳೆಯದರಲ್ಲಿದ್ದ ೨೪೪೧ ಕಡತಗಳ ಪೈಕಿ ಹೊಸದರಲ್ಲಿ ೨೯೧ ಬದಲಾಗಿದ್ದವು, ೧೯ ತೆಗೆದುಹಾಕಲ್ಪಟ್ಟಿದ್ದವು, ೨೫ ಹೊಸದಾಗಿ ಸೇರಿದ್ದವು. ೫೦೦ ಬೈಟಿನ ಖಂಡಗಳಾಗಿ ಒಡೆದಾಗ ಒಂದು ದಿಕ್ಕಿನಲ್ಲಿ ಸುಮಾರು ೧೩ ಲಕ್ಷ ಬೈಟೂ, ತಾಳೆಸಂಖ್ಯೆಗಳಿಗಾಗಿ ಇನ್ನೊಂದು ದಿಕ್ಕಿನಲ್ಲಿ ಸುಮಾರು ೧೦ ಲಕ್ಷ ಬೈಟೂ ಸಾಗಿದರೆ ಸಾಕಾಯಿತು. ಖಂಡವನ್ನು ೧೧೦೦ ಬೈಟಿಗೆ ಹಿಗ್ಗಿಸಿದಾಗ ತಾಳೆಸಂಖ್ಯೆಗಳ ಹೊರೆ ನಾಲ್ಕೂವರೆ ಲಕ್ಷಕ್ಕೆ ಇಳಿಯಿತು. ಆದರೆ ಅಕ್ಷರಶಃ ಕಳುಹಿಸಬೇಕಾದ ಭಾಗ ಬೆಳೆದು ೧೭ ಲಕ್ಷವನ್ನು ಮುಟ್ಟಿತು. ಎರಡನ್ನೂ ಕೂಡಿ ನೋಡಿದರೆ ಹೇಳಿಕೊಳ್ಳುವಂತಹ ಅಂತರವಿಲ್ಲ. ಒಂದು ಕಡೆ ಉಳಿಸಿದುದನ್ನು ಇನ್ನೊಂದು ಕಡೆ ತೆರಬೇಕಾಗುತ್ತದೆ. ಆಯ್ಕೆಗಳ ವಿಷಯವೆಲ್ಲ ಈ ಸ್ವಭಾವದ್ದೇ ಆದುದರಿಂದ ಈ ಲೆಕ್ಕವನ್ನು ಇಲ್ಲಿ ಎತ್ತಿ ಹೇಳಿದ್ದೇನೆ.

ಕಾಲವನ್ನು ಬಿಟ್ಟು ಕೆಟ್ಟುದು

ಇಷ್ಟು ಕುಶಲವಾದ ಸಾಧನವೂ ಎಲ್ಲ ಕಡತಗಳನ್ನೂ ತೆರೆದು ನೋಡುವುದಿಲ್ಲ. ಮೊದಲು ಅದು ಎರಡು ಬಾಹ್ಯಲಕ್ಷಣಗಳನ್ನು ಮಾತ್ರ ಪರಿಶೀಲಿಸುತ್ತದೆ: ಕಡತದ ಗಾತ್ರ ಮತ್ತು ಅದನ್ನು ಕೊನೆಯ ಬಾರಿ ತಿದ್ದಿದ ಕಾಲ. ಎರಡೂ ತುದಿಗಳಲ್ಲಿ ಇವೆರಡೂ ಒಂದೇ ಆಗಿದ್ದರೆ ಕಡತ ಬದಲಾಗಿಲ್ಲವೆಂದು ನಿಶ್ಚಯಿಸಿ ಮುಂದಕ್ಕೆ ಹೋಗುತ್ತದೆ. ಮೂಲಸಂಕೇತಗಳಲ್ಲಿ ಬಹುಪಾಲು ಕಡತಗಳು ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ಆದ್ದರಿಂದ ವೇಗವೆಲ್ಲ ಈ ಮೊದಲ ನೋಟದಲ್ಲಿಯೇ ಅಡಗಿದೆ.

ನಾನು ಮಾಡಿದ ಪ್ರಥಮ ಪ್ರಮಾದವು ಇಲ್ಲಿಯದೇ. ಒಳಗಿನ ಕೋಶಗಳನ್ನೂ ಸೇರಿಸಿ ಕಳುಹಿಸುವ 'ಆರ್' ಎಂಬ ಆಯ್ಕೆಯೊಂದನ್ನೇ ಕಲಿತು ಅದನ್ನೇ ಬಳಸುತ್ತಿದ್ದೆ. ಆ ಆಯ್ಕೆಯು ಕಡತವನ್ನು ಒಯ್ಯುತ್ತದೆ, ತಿದ್ದಿದ ಕಾಲವನ್ನು ಒಯ್ಯುವುದಿಲ್ಲ. ಹೋಗಿ ಮುಟ್ಟಿದ ಕಡತದ ಮೇಲೆ ಅದು ಮುಟ್ಟಿದ ಹೊತ್ತೇ ಬೀಳುತ್ತದೆ. ಹೀಗಾಗಿ ಮರುದಿನ ಹೋಲಿಸುವಾಗ ಒಂದು ಕಡತದ ಕಾಲವೂ ಕೂಡಿಬರುವುದಿಲ್ಲ. ಎಲ್ಲವನ್ನೂ ತೆರೆದು, ಖಂಡಗಳಾಗಿ ಒಡೆದು, ತಾಳೆಸಂಖ್ಯೆಗಳನ್ನು ಹೋಲಿಸಿ, ಕೊನೆಗೆ ಯಾವುದೂ ಬದಲಾಗಿಲ್ಲವೆಂದು ತಿಳಿಯುವಷ್ಟರಲ್ಲಿ ಮಂಕಿಯ ಮೊಬೈಲ್ ಸಂಕೇತವು ಎರಡು ಬಾರಿ ಕಡಿದುಹೋಗಿರುತ್ತಿತ್ತು.

ಇದಕ್ಕೆ ಪರಿಹಾರ 'ಎ' ಎಂಬ ಆಯ್ಕೆ. ಆರ್ಕೈವ್ ಎಂಬುದು ಅದರ ಪೂರ್ಣನಾಮ. ಒಳಕೋಶಗಳು, ತಿದ್ದಿದ ಕಾಲ, ಅನುಮತಿಗಳು, ಒಡೆತನ ಮೊದಲಾದುವನ್ನೆಲ್ಲ ಅದು ಒಟ್ಟಿಗೆ ಒಯ್ಯುತ್ತದೆ. ಮೊದಲ ಬಾರಿ ಎಲ್ಲವೂ ಸರಿಹೋಗುವವರೆಗೆ ತಡವಾಗುತ್ತದೆ. ಎರಡನೆಯ ಬಾರಿಯಿಂದ ಬದಲಾದ ಕಡತಗಳು ಮಾತ್ರ ಚಲಿಸುತ್ತವೆ.

ಗಾತ್ರವನ್ನು ನಂಬಿ ಕೆಟ್ಟುದು

ಆದರೆ ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಆಯ್ಕೆಗಳ ಪಟ್ಟಿಯಲ್ಲಿ 'ಸೈಜ್ ಓನ್ಲಿ' ಎಂಬುದೊಂದು ಕಣ್ಣಿಗೆ ಬಿದ್ದಿತು. ಕಾಲವನ್ನು ಲೆಕ್ಕಿಸದೆ ಗಾತ್ರವೊಂದನ್ನೇ ನೋಡಿ ತೀರ್ಮಾನಿಸುವ ಆಯ್ಕೆ ಅದು. ಕಾಲದಿಂದಲೇ ತೊಂದರೆ ಹುಟ್ಟಿದ್ದರಿಂದ ಇದೇ ಉತ್ತಮವೆಂದು ಬಗೆದು, ಇದನ್ನೂ 'ಎ' ಆಯ್ಕೆಯನ್ನೂ ಕೂಡಿಸಿ ಬಳಸಿದೆ. ಕೆಲಸವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ನನಗೆ ಪರಮ ಸಂತೋಷವಾಗಿತ್ತು.

ಶಾಲೆಗೆ ಹೋಗಿ ಅಲ್ಲಿನ ಗಣಕದಲ್ಲಿ ಕ್ರಮವಿಧಿಯನ್ನು ನಡೆಸಿದಾಗ, ಮಂಕಿಯಲ್ಲಿ ನಾನು ತಿದ್ದಿದ್ದ ಕೆಲವು ಪದ್ಯಗಳ ಮಾತ್ರೆ ಮೊದಲಿನಂತೆಯೇ ತಪ್ಪಿ ಬರುತ್ತಿತ್ತು. ಕಾರಣವು ಕನ್ನಡ ಅಕ್ಷರಗಳ ಸ್ವಭಾವದಲ್ಲಿಯೇ ಇದೆ. ಯೂನಿಕೋಡ್ ಕ್ರಮದಲ್ಲಿ, ಯುಟಿಎಫ್-೮ ಎಂಬ ರೂಢಿಯ ಬರಹದಲ್ಲಿ, ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಪ್ರತಿಯೊಂದು ಸ್ವರಚಿಹ್ನೆಗೂ ಮೂರು ಮೂರು ಬೈಟುಗಳು. 'ಕಲೆ' ಎಂಬುದನ್ನು 'ಕಳೆ' ಎಂದು ತಿದ್ದಿದರೆ ಕಡತದ ಗಾತ್ರದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದು. 'ಕಿ' ಎಂಬುದನ್ನು 'ಕೀ' ಎಂದು ತಿದ್ದಿದರೂ ಹಾಗೆಯೇ; ಹ್ರಸ್ವದ ಚಿಹ್ನೆಗೂ ಮೂರು ಬೈಟು, ದೀರ್ಘದ ಚಿಹ್ನೆಗೂ ಮೂರು ಬೈಟು. ಲಘುವು ಗುರುವಾಯಿತು, ಪಾದದ ಮಾತ್ರೆ ಒಂದು ಹೆಚ್ಚಿತು, ಅರ್ಥವೇ ಬೇರೆಯಾಯಿತು. ಗಾತ್ರವನ್ನು ನೋಡುವ ಯಂತ್ರಕ್ಕೆ ಮಾತ್ರ ಏನೂ ಆಗಲಿಲ್ಲ. ಅಕ್ಷರವನ್ನು ತಿದ್ದುವುದೇ ವೃತ್ತಿಯಾದವನು ಅಕ್ಷರವನ್ನು ನೋಡದ ಆಯ್ಕೆಯನ್ನು ಆರಿಸಿಕೊಂಡಿದ್ದನು!

ಇನ್ನೊಂದು ಸೂಕ್ಷ್ಮವುಂಟು. 'ಸೈಜ್ ಓನ್ಲಿ'ಯನ್ನು 'ಎ'ಯೊಡನೆ ಬಳಸಿದಾಗ, ಕಡತವನ್ನು ಒಯ್ಯದಿದ್ದರೂ ಅದರ ಕಾಲವನ್ನು ಮಾತ್ರ ಎದುರು ತುದಿಯಲ್ಲಿ ಸರಿಪಡಿಸಿಬಿಡುತ್ತದೆ. ಆ ಬಳಿಕ ಆ ದುಷ್ಟ ಆಯ್ಕೆಯನ್ನು ಕೈಬಿಟ್ಟರೂ ಗುಣವಿಲ್ಲ. ಗಾತ್ರವೂ ಒಂದೇ, ಕಾಲವೂ ಒಂದೇ, ಒಳಗಿನ ಅಕ್ಷರ ಮಾತ್ರ ಬೇರೆ. ಇಂತಹ ಸಂದರ್ಭಕ್ಕೆಂದೇ 'ಚೆಕ್‌ಸಮ್' ಎಂಬ ಆಯ್ಕೆ ಇದೆ. ಅದು ಬಾಹ್ಯಲಕ್ಷಣಗಳಲ್ಲಿ ಕಾಲವನ್ನು ನಂಬದೆ, ಗಾತ್ರ ಒಂದೇ ಆದ ಕಡತಗಳನ್ನು ಎರಡೂ ತುದಿಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ ತಾಳೆಸಂಖ್ಯೆಗಳನ್ನು ಹೋಲಿಸುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯ ಸೂಚನೆಯಂತೆ ಒಮ್ಮೆ ಅದನ್ನು ಬಳಸಿದಾಗ ಏಳು ಕಡತಗಳು ಸಿಕ್ಕಿಬಿದ್ದವು. ಏಳರಲ್ಲಿಯೂ ವ್ಯತ್ಯಾಸ ಒಂದೆರಡು ಅಕ್ಷರಗಳದು.

ಹಾಗಾದರೆ ನಿತ್ಯವೂ ಚೆಕ್‌ಸಮ್ ಬಳಸಬಾರದೇ ಎಂದು ಕೇಳಬಹುದು. ಕಡತಗಳು ಅಲ್ಪವಾಗಿದ್ದರೆ ಬಾಧಕವಿಲ್ಲ. ಸಾವಿರಾರು ಕಡತಗಳಿದ್ದು ಮುದ್ರಿಕೆ ಹಳೆಯದಾಗಿದ್ದರೆ, ಒಂದು ಕಡತವನ್ನು ಕಳುಹಿಸುವುದಕ್ಕಾಗಿ ಎಲ್ಲವನ್ನೂ ಓದಬೇಕಾಗುತ್ತದೆ. ನಿತ್ಯಕ್ಕೆ ಕಾಲ ಮತ್ತು ಗಾತ್ರದ ನೋಟ, ತಿಂಗಳಿಗೊಮ್ಮೆಯೋ ಸಂದೇಹ ಬಂದಾಗಲೋ ಪೂರ್ಣಪಾಠದ ಪರಿಶೀಲನೆ. ಇದು ನಾನು ಅನುಸರಿಸುತ್ತಿರುವ ಕ್ರಮ.

ಸಂಕೋಚನ ಮತ್ತು ಪೂರ್ಣಕಡತ

'ಜೆಡ್' ಎಂಬ ಆಯ್ಕೆಯು ಕಳುಹಿಸುವುದನ್ನು ಸಂಕೋಚಿಸಿ ಕಳುಹಿಸುತ್ತದೆ. ಮೂಲಸಂಕೇತವು ಅಕ್ಷರಬರಹವಾದುದರಿಂದಲೂ ಅದರಲ್ಲಿ ಒಂದೇ ಪದಗಳು ಪುನಃಪುನಃ ಬರುವುದರಿಂದಲೂ ಚೆನ್ನಾಗಿ ಸಂಕೋಚಗೊಳ್ಳುತ್ತದೆ. ಛಾಯಾಚಿತ್ರ, ಧ್ವನಿಮುದ್ರಣ ಮೊದಲಾದುವು ಮೊದಲೇ ಸಂಕೋಚಗೊಂಡಿರುವುದರಿಂದ ಮತ್ತೆ ಹಿಂಡಿದರೆ ರಸ ಬಾರದು. ಮಂಕಿಯಿಂದ ಕಳುಹಿಸುವಾಗ ಜೆಡ್ ಬೇಕೇ ಬೇಕು. ಶಾಲೆಯ ಪ್ರಯೋಗಾಲಯದಲ್ಲಿ ಒಂದೇ ಕೋಣೆಯ ಎರಡು ಗಣಕಗಳ ನಡುವೆ ತಂತಿಯಿರುವಾಗ ಅದು ಬೇಡ; ಅಲ್ಲಿ ಮಾರ್ಗ ವಿಶಾಲವಾಗಿದೆ, ಸಂಕೋಚಿಸಿ ಬಿಡಿಸುವ ಶ್ರಮವೇ ಹೆಚ್ಚಾಗುತ್ತದೆ.

ಖಂಡಗಳ ಹೋಲಿಕೆಗೂ ಇದೇ ನ್ಯಾಯ. ಒಂದೇ ಗಣಕದೊಳಗೆ ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಪ್ರತಿ ಮಾಡುವಾಗ ಆರ್‌ಸಿಂಕ್ ತಾನಾಗಿಯೇ ಆ ಚಾತುರ್ಯವನ್ನು ಬಿಟ್ಟು ಪೂರ್ಣಕಡತವನ್ನೇ ಬರೆದುಬಿಡುತ್ತದೆ. ವೇಗವಾದ ತಂತಿಯ ಮೇಲೆಯೂ ಹಾಗೆ ಮಾಡಬೇಕಾದರೆ 'ಹೋಲ್ ಫೈಲ್' ಎಂಬ ಆಯ್ಕೆಯನ್ನು ಕೊಡಬೇಕು. ಸ್ವಲ್ಪ ಯೋಚಿಸಿದರೆ ಒಂದು ಸೂತ್ರ ಕಾಣುತ್ತದೆ. ಮಾರ್ಗ, ಮುದ್ರಿಕೆ, ಸಂಸ್ಕಾರಕ ಈ ಮೂರರಲ್ಲಿ ನಮ್ಮಲ್ಲಿ ಯಾವುದು ದುರ್ಲಭವೋ ಅದನ್ನು ಉಳಿಸುವ ಆಯ್ಕೆಯನ್ನು ಆರಿಸಬೇಕು. ಸುಲಭವಾಗಿರುವುದನ್ನು ಧಾರಾಳವಾಗಿ ವೆಚ್ಚಮಾಡಬೇಕು. ಬೆಂಗಳೂರಿನವನ ಆದೇಶವನ್ನು ಮಂಕಿಯವನು ಹಾಗೆಯೇ ಬರೆದುಕೊಂಡರೆ ಹೊಂದುವುದಿಲ್ಲ.

ಪ್ರಥಮ ಪ್ರತಿಯ ಮಾತು ಬೇರೆ. ಎದುರು ತುದಿಯಲ್ಲಿ ಏನೂ ಇಲ್ಲದಿರುವಾಗ ಹೋಲಿಸುವುದಕ್ಕೂ ಏನೂ ಇಲ್ಲ. ಆಗ ಪೆನ್‌ಡ್ರೈವಿಗೆ ತುಂಬಿಕೊಂಡು ಗೇರುಸೊಪ್ಪೆಯ ಘಟ್ಟವನ್ನು ಬಸ್ಸಿನಲ್ಲಿ ಹತ್ತುವುದೇ ನಮಗೆ ಶೀಘ್ರಮಾರ್ಗ. ಆದರೆ ಹಲವು ಪೆನ್‌ಡ್ರೈವುಗಳಲ್ಲಿರುವ ಫ್ಯಾಟ್ ಎಂಬ ವ್ಯವಸ್ಥೆಯು ತಿದ್ದಿದ ಕಾಲವನ್ನು ಎರಡೆರಡು ಸೆಕೆಂಡುಗಳ ಲೆಕ್ಕದಲ್ಲಿ ಮಾತ್ರ ಬರೆದಿಡುತ್ತದೆ. ಒಂದು ಸೆಕೆಂಡಿನ ಅಂತರವನ್ನು ಕ್ಷಮಿಸುವಂತೆ 'ಮಾಡಿಫೈ ವಿಂಡೋ' ಎಂಬ ಆಯ್ಕೆಗೆ ೧ ಎಂಬ ಅಂಕವನ್ನು ಕೊಡದಿದ್ದರೆ, ಬದಲಾಗದ ಕಡತಗಳೂ ಬದಲಾದಂತೆ ತೋರುತ್ತವೆ.

ಅಳಿಸುವ ಆಯ್ಕೆ

ಕೊನೆಗೆ ಹೇಳಬೇಕಾದುದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ಮೂಲದಲ್ಲಿ ತೆಗೆದುಹಾಕಿದ ಕಡತವು ಪ್ರತಿಯಲ್ಲಿ ಉಳಿದುಕೊಂಡರೆ ಗೊಂದಲ. ಹಳೆಯ ನಿಯಮವೂ ಹೊಸ ನಿಯಮವೂ ಒಟ್ಟಿಗೆ ಇರುತ್ತವೆ. ಅದಕ್ಕಾಗಿ 'ಡಿಲೀಟ್' ಎಂಬ ಆಯ್ಕೆಯುಂಟು. ಮೂಲದಲ್ಲಿ ಇಲ್ಲದುದನ್ನು ಪ್ರತಿಯಿಂದ ಅಳಿಸುವುದು ಅದರ ಕಾರ್ಯ. ಎಕ್ಸ್‌ಕ್ಲೂಡ್ ಎಂದು ಹೊರಗಿಟ್ಟುದನ್ನು ಮಾತ್ರ ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಮಂಕಿಯಲ್ಲಿ ನಮ್ಮ ಮನೆಯ ಸಮೀಪದಲ್ಲಿ ಯಕ್ಷಗಾನದ ಹಿರಿಯ ಭಾಗವತರೊಬ್ಬರಿದ್ದರು. ಪುಸ್ತಕದಲ್ಲಿ ಮಾತ್ರೆ ಕೂಡದ ಷಟ್ಪದಿಗಳನ್ನು ಅವರು ಹಾಡುವಾಗ ಯಾವ ಅಕ್ಷರವನ್ನು ಎಳೆಯುತ್ತಾರೆ, ಯಾವುದನ್ನು ತೇಲಿಸುತ್ತಾರೆ ಎಂಬುದನ್ನು ೨೦೨೨ರ ಬೇಸಗೆ ರಜೆಯಲ್ಲಿ ಕುಳಿತು ಬರೆದುಕೊಂಡಿದ್ದೆ. ನಲವತ್ತಕ್ಕೂ ಹೆಚ್ಚು ಪದ್ಯಗಳು; ಒಂದೊಂದಕ್ಕೂ ಒಂದೊಂದು ಕಡತ. ಕ್ರಮವಿಧಿಯನ್ನು ಪರೀಕ್ಷಿಸುವುದಕ್ಕೆ ಅವುಗಳಿಗಿಂತ ಉತ್ತಮವಾದ ಒರೆಗಲ್ಲು ಬೇರೆ ಇರಲಿಲ್ಲ. ರಜೆಯ ಕಡೆಯ ಸಂಜೆ, ಮಳೆಯ ಮೋಡ ಕವಿದಿದೆ, ವಿದ್ಯುತ್ತು ಹೋಗುವ ಮುನ್ನ ಕಳುಹಿಸಿಬಿಡೋಣವೆಂದು ಆತುರದಿಂದ ಆದೇಶವನ್ನು ಬರೆದೆ. ಆರ್‌ಸಿಂಕಿನಲ್ಲಿ ಮೊದಲು ಬರೆದುದು ಮೂಲ, ನಂತರ ಬರೆದುದು ಪ್ರತಿ. ನಾನು ಶಾಲೆಯ ಗಣಕವನ್ನು ಮೊದಲು ಬರೆದಿದ್ದೆ, ಮಂಕಿಯ ಗಣಕವನ್ನು ಅನಂತರ ಬರೆದಿದ್ದೆ. ಡಿಲೀಟ್ ಆಯ್ಕೆಯೂ ಜೊತೆಗಿತ್ತು. ಶಾಲೆಯ ಗಣಕದಲ್ಲಿ ಇಲ್ಲದ ಆ ಪದ್ಯಗಳ ಕಡತಗಳೆಲ್ಲ ಮಂಕಿಯ ಗಣಕದಿಂದ ಅಳಿದುಹೋದವು. ತಿದ್ದಿದ ನಿಯಮಗಳ ಮೇಲೆ ಹಳೆಯ ನಿಯಮಗಳು ಬಂದು ಕುಳಿತವು. ಯಂತ್ರವು ಹೇಳಿದಷ್ಟನ್ನೇ ಮಾಡಿತ್ತು.

ನಿಯಮಗಳನ್ನು ಹದಿನೈದು ದಿನಗಳಲ್ಲಿ ಮತ್ತೆ ಬರೆದೆನು. ಪದ್ಯಗಳಿಗಾಗಿ ದಸರಾ ರಜೆಯಲ್ಲಿ ಭಾಗವತರ ಬಳಿ ಹೋದಾಗ ಅವರ ಆರೋಗ್ಯ ಕುಗ್ಗಿತ್ತು. ಬೇಸರಿಸದೆ ಮತ್ತೆ ಹೇಳಿಕೊಟ್ಟರು. ಸುಮಾರು ಮೂರರಲ್ಲಿ ಎರಡು ಪಾಲು ದೊರೆತವು. ಉಳಿದವುಗಳ ಎಳೆತ ಅವರಿಗೆ ನೆನಪಾಗಲಿಲ್ಲ. ಮರುವರ್ಷ ಅವರು ತೀರಿಕೊಂಡರು.

ಇದರಿಂದ ರಕ್ಷಿಸುವ ಆಯ್ಕೆಗಳು ಆ ಸಾಧನದಲ್ಲಿಯೇ ಇದ್ದವು. 'ಎನ್' ಅಥವಾ ಡ್ರೈ ರನ್ ಎಂಬುದು ಏನನ್ನೂ ಮುಟ್ಟದೆ, ಮುಂದೆ ಏನಾಗಲಿದೆ ಎಂಬುದನ್ನು ಮಾತ್ರ ಪಟ್ಟಿಮಾಡಿ ತೋರಿಸುತ್ತದೆ. ಅದನ್ನು 'ವಿ' ಎಂಬ ಆಯ್ಕೆಯೊಡನೆ ಓದಿದ್ದರೆ 'ಅಳಿಸಲಾಗುತ್ತಿದೆ' ಎಂಬ ನಲವತ್ತು ಸಾಲುಗಳು ಕಣ್ಣಿಗೆ ರಾಚುತ್ತಿದ್ದವು. 'ಬ್ಯಾಕಪ್' ಮತ್ತು 'ಬ್ಯಾಕಪ್ ಡೈರ್' ಎಂಬುವನ್ನು ಕೊಟ್ಟಿದ್ದರೆ ಅಳಿಯುವ ಕಡತಗಳು ಬೇರೊಂದು ಕೋಶದಲ್ಲಿ ಉಳಿಯುತ್ತಿದ್ದವು. ಅರ್ಧ ನಿಮಿಷ ಉಳಿಸಲು ಹೋಗಿ ನಾನು ಕಳೆದುಕೊಂಡುದನ್ನು ಯಾವ ಗಣಕವೂ ಮರಳಿ ಕೊಡಲಾರದು.

ಸಂಗ್ರಹ

ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಮೇಲಿನ ವಿಚಾರಗಳನ್ನು ಸಂಗ್ರಹಿಸಿ ಹೇಳುತ್ತೇನೆ.

(೧) ಮೂಲದಿಂದ ಮರಳಿ ತಯಾರಿಸಬಹುದಾದ ಕಡತಗಳನ್ನು ಎಕ್ಸ್‌ಕ್ಲೂಡ್ ಮಾಡಿರಿ.

(೨) 'ಎ' ಆಯ್ಕೆಯನ್ನು ಬಿಡಬೇಡಿರಿ. ತಿದ್ದಿದ ಕಾಲವು ಜೊತೆಗೆ ಹೋದರೆ ಮಾತ್ರ ನಾಳೆಯ ಕೆಲಸ ಹಗುರವಾಗುತ್ತದೆ.

(೩) ಮಾರ್ಗ ಕಿರಿದಾಗಿದ್ದರೆ 'ಜೆಡ್' ಸೇರಿಸಿರಿ. ಒಂದೇ ಕೋಣೆಯೊಳಗಾದರೆ ಬಿಡಿರಿ. ದೊಡ್ಡ ಕಡತಗಳಿದ್ದು ಮಾರ್ಗ ಕಡಿಯುವ ಭಯವಿದ್ದರೆ 'ಪಾರ್ಷಿಯಲ್' ಆಯ್ಕೆಯು ಅರ್ಧ ಬಂದುದನ್ನು ಉಳಿಸಿಕೊಳ್ಳುತ್ತದೆ.

(೪) ಕನ್ನಡ ಬರಹವಿರುವ ಕಡತಗಳಿಗೆ 'ಸೈಜ್ ಓನ್ಲಿ'ಯನ್ನು ಎಂದಿಗೂ ಬಳಸಬೇಡಿರಿ. ಸಂದೇಹವಿದ್ದಾಗ 'ಚೆಕ್‌ಸಮ್' ಬಳಸಿರಿ.

(೫) ಮೂಲಕೋಶದ ಹೆಸರಿನ ಕೊನೆಯಲ್ಲಿ ಓರೆಗೆರೆ ಇದ್ದರೆ ಕೋಶದ ಒಳಗಿರುವುದು ಮಾತ್ರ ಹೋಗುತ್ತದೆ. ಇಲ್ಲದಿದ್ದರೆ ಕೋಶವೇ ಹೋಗಿ ಪ್ರತಿಯ ಒಳಗೆ ಕೂರುತ್ತದೆ. ಒಂದು ಗೆರೆಯಿಂದ ಅರ್ಥ ಬದಲಾಗುವುದು ಕನ್ನಡ ಓದುವವರಿಗೆ ಹೊಸದಲ್ಲ.

(೬) ಡಿಲೀಟ್ ಎಂದು ಬರೆಯುವ ಮುನ್ನ ಡ್ರೈ ರನ್ ನಡೆಸಿ, ಪಟ್ಟಿಯನ್ನು ಬಾಯಿಬಿಟ್ಟು ಓದಿರಿ.

ಇನ್ನೊಂದು ಮಾತನ್ನು ಸೇರಿಸಬೇಕು. ಆರ್‌ಸಿಂಕ್ ಒಮ್ಮುಖವಾದ ಸಾಧನ. ಎರಡು ಕಡೆಗಳಲ್ಲಿ ಇಬ್ಬರು ಒಂದೇ ಕಡತವನ್ನು ತಿದ್ದಿದರೆ ಎರಡನ್ನೂ ಬೆಸೆಯುವ ಶಕ್ತಿ ಅದಕ್ಕಿಲ್ಲ. ಆ ಕಾರ್ಯಕ್ಕೆ, ಲಿನಸ್ ಟೋರ್ವಾಲ್ಡ್ಸ್ ಎಂಬಾತ ೨೦೦೫ರಲ್ಲಿ ಲಿನಕ್ಸ್ ಮೂಲಸಂಕೇತಗಳಿಗಾಗಿ ಆರಂಭಿಸಿದ ಗಿಟ್ ಎಂಬ ವ್ಯವಸ್ಥೆ ಯುಕ್ತವಾದುದು. ಅದು ದಾಖಲಿಸಿದ ಪ್ರತಿಯೊಂದು ತಿದ್ದುಪಡಿಯ ಚರಿತ್ರೆಯನ್ನೂ ಇಟ್ಟುಕೊಳ್ಳುತ್ತದೆ. ಎದುರು ತುದಿಯಲ್ಲಿ ಇಲ್ಲದುದನ್ನು ಮಾತ್ರ ಕಳುಹಿಸುತ್ತದೆ. ಹಿಂದಿನ ಪಾಠಕ್ಕೆ ಮರಳುವ ದಾರಿಯನ್ನು ತೆರೆದಿಡುತ್ತದೆ. ಗ್ರಂಥಸಂಪಾದಕನು ಅಡಿಟಿಪ್ಪಣಿಯಲ್ಲಿ ಪಾಠಾಂತರಗಳನ್ನು ಉಳಿಸುವಂತೆಯೇ ಇದು. ಈ ಅಪಘಾತದ ಬಳಿಕ ನಮ್ಮ ನಿಯಮಗಳೂ ಪದ್ಯಗಳೂ ಗಿಟ್‌ನಲ್ಲಿವೆ. ಭಾಗವತರ ಧ್ವನಿಮುದ್ರಣಗಳೂ ದೊಡ್ಡ ಕೋಷ್ಟಕಗಳೂ ಆರ್‌ಸಿಂಕಿನ ಪಾಲಿಗೆ ಉಳಿದಿವೆ.

ಈ ಶಾಲೆಯ ಗಣಕಗಳಲ್ಲಿ ಕೆಲಸ ಕಲಿಯುವ ಮಕ್ಕಳು ಮುಂದೆ ದೂರದ ಊರುಗಳಿಗೆ ಹೋಗುವವರು. ಅಲ್ಲಿ ಮಾರ್ಗಗಳು ವಿಶಾಲವಾಗಿರಬಹುದು, ಯಂತ್ರಗಳು ಬಲಿಷ್ಠವಾಗಿರಬಹುದು. ಆದರೂ ಯಾವುದನ್ನು ಒಯ್ಯಬೇಕು, ಯಾವುದನ್ನು ಒಯ್ಯಬೇಕಾಗಿಲ್ಲ, ಯಾವುದನ್ನು ಅಳಿಸುವ ಮುನ್ನ ಎರಡು ಬಾರಿ ನೋಡಬೇಕು ಎಂಬ ನಿರ್ಣಯವು ಅವರದೇ ಆಗಿರುತ್ತದೆ. ಭಾಗವತರು ಎರಡನೆಯ ಬಾರಿ ಹೇಳಿಕೊಟ್ಟ ಪದ್ಯಗಳು ಈಗ ಮಂಕಿಯಲ್ಲಿಯೂ ಇವೆ, ಶಾಲೆಯಲ್ಲಿಯೂ ಇವೆ, ಬೆಂಗಳೂರಿನಲ್ಲಿಯೂ ಇವೆ. ಆಸಕ್ತರಾದ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಅವುಗಳನ್ನು ನೋಡಬಹುದು; ತಪ್ಪು ಕಂಡರೆ ತಿದ್ದಬಹುದು. ತಿದ್ದಿದುದನ್ನು ಕಳುಹಿಸುವ ಮುನ್ನ ಮೂಲ ಯಾವುದು, ಪ್ರತಿ ಯಾವುದು ಎಂದು ಒಮ್ಮೆ ನೋಡಿಕೊಳ್ಳಲಿ ಎಂಬುದಷ್ಟೇ ನನ್ನ ವಿಜ್ಞಾಪನೆ.